ಕಂಪೈಲರ್ ಎಂಬ ಮೇಸ್ತ್ರಿಯ ಜೊತೆ

ಐಐಟಿ ಮದ್ರಾಸ್ ಅಂದ ಕೂಡಲೇ ಚೆನ್ನೈವಾಸಿ ಕನ್ನಡಿಗರಿಗೆ ನೆನಪಾಗುವುದು ಸರ್ದಾರ್ ಪಟೇಲ್ ರಸ್ತೆಯ ಟ್ರಾಫಿಕ್ಕು, ಗೇಟು ದಾಟಿದರೆ ಎದುರಾಗುವ ಜಿಂಕೆಗಳು. ಈಚಿನ ವರ್ಷಗಳಲ್ಲಿ ಇನ್ನೊಂದು ಹೆಸರೂ ಸೇರಿಕೊಂಡಿದೆ: 'ಶಕ್ತಿ'. ಅಲ್ಲಿನ ಪ್ರೊ. ವಿ. ಕಾಮಕೋಟಿಯವರ ತಂಡ ರೂಪಿಸಿದ ಪ್ರೊಸೆಸರ್ ಕುಟುಂಬ ಅದು. 2018ರಲ್ಲಿ ಇದರ ಒಂದು ಚಿಪ್ ಅಮೆರಿಕದ ಇಂಟೆಲ್ ಕಾರ್ಖಾನೆಯಲ್ಲಿ 22 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ತಯಾರಾಗಿ ಬಂದು ಲಿನಕ್ಸ್ ಓಡಿಸಿತು. ಅದೇ ವರ್ಷ ಇನ್ನೊಂದು ಚಿಪ್ ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ, 180 ನ್ಯಾನೋಮೀಟರಿನಲ್ಲಿ, ತಯಾರಾಯಿತು. 2025ರ ಫೆಬ್ರವರಿಯಲ್ಲಿ ಇಸ್ರೋ ಜೊತೆ ಸೇರಿ ಮಾಡಿದ 'ಐರಿಸ್' ಚಿಪ್ಪಿನ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು.

ಈ ಬರಹ ಸುದ್ದಿಯಾಗದ ಒಂದು ಸಣ್ಣ ಸಂಗತಿಯ ಕುರಿತು. ಶಕ್ತಿಯ ಮೂಲ ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ 'ಸಿ-ಕ್ಲಾಸ್' ಎಂಬ ಪ್ರೊಸೆಸರ್‌ನ ಕಾನ್ಫಿಗರೇಷನ್ ಫೈಲಿನಲ್ಲಿ 'ನೋಇನ್‌ಲೈನ್ ಮಾಡ್ಯೂಲ್ಸ್' ಎಂಬ ಒಂದು ಪಟ್ಟಿ ಸಿಗುತ್ತದೆ. ಪ್ರೊಸೆಸರ್‌ನ ಒಂದೊಂದು ಭಾಗದ ಹೆಸರು, ಅದರ ಮುಂದೆ ಹೌದು ಅಥವಾ ಇಲ್ಲ. ಹೌದು ಅಂದರೆ ಆ ಭಾಗಕ್ಕೆ ಕಂಪೈಲರ್ ಬೇರೆಯೇ ಫೈಲ್ ಮಾಡಿ ಕೊಡಬೇಕು. ಇಲ್ಲ ಅಂದರೆ ಆ ಭಾಗವನ್ನು ಅದರ ಮೇಲಿನ ಭಾಗದೊಳಗೆ ಕರಗಿಸಿಬಿಡಬೇಕು. ಒಂದು ಚಿಪ್ ಮಾಡುವವರು ಇಷ್ಟು ಪುಟ್ಟ ವಿಷಯಕ್ಕೆ ಒಂದು ಪಟ್ಟಿಯನ್ನೇ ಯಾಕೆ ಇಟ್ಟುಕೊಂಡಿದ್ದಾರೆ? ಉತ್ತರ ಹುಡುಕಲು ಎಪ್ಪತ್ತು ವರ್ಷಗಳ ಹಿಂದಿನಿಂದ ನಡೆದುಬಂದ ಒಂದು ಹಗ್ಗಜಗ್ಗಾಟವನ್ನು ನೋಡಬೇಕಾಗುತ್ತದೆ. ಪ್ರೋಗ್ರಾಮರ್‌ಗೂ ಕಂಪೈಲರ್‌ಗೂ ನಡುವಿನ ಹಗ್ಗಜಗ್ಗಾಟ ಅದು.

ಕಂಪೈಲರ್ ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಆದೇಶಗಳಾಗಿ ಮಾಡಿಕೊಡುವ ಸಾಫ್ಟ್‌ವೇರ್. ಸುಮ್ಮನೆ ಅನುವಾದ ಮಾಡಿ ಕೈತೊಳೆದುಕೊಳ್ಳುವುದಿಲ್ಲ, ಓಟ ಚುರುಕಾಗಲಿ ಎಂದು ತಿದ್ದುಪಡಿಗಳನ್ನೂ ಮಾಡುತ್ತದೆ. ಈ ತಿದ್ದುಪಡಿಗಳಲ್ಲಿ ಮುಖ್ಯವಾದದ್ದು ಇನ್‌ಲೈನಿಂಗ್. ಮನೆಯಲ್ಲಿ ಅಡುಗೆ ಬರೆದಿಟ್ಟ ನೋಟ್‌ಬುಕ್ ನೆನಪಿಸಿಕೊಳ್ಳಿ. ಹುಳಿ, ಗೊಜ್ಜು, ಪಲ್ಯ ಎಲ್ಲ ಕಡೆಯೂ 'ಹುಳಿಪುಡಿಗೆ 12ನೇ ಪುಟ ನೋಡಿ' ಎಂದಿರುತ್ತದೆ. ಪುಡಿಯ ವಿಧಾನ ಒಂದೇ ಕಡೆ ಬರೆದರೆ ಸಾಕು, ಪುಸ್ತಕ ತೆಳ್ಳಗಿರುತ್ತದೆ. ಆದರೆ ಪ್ರತಿ ಸಲವೂ ಇಲ್ಲಿ ಬೆರಳಿಟ್ಟುಕೊಂಡು ಅಲ್ಲಿಗೆ ಹೋಗಿ ವಾಪಸ್ ಬರಬೇಕು. ಇನ್‌ಲೈನ್ ಮಾಡುವುದು ಅಂದರೆ ಆ 12ನೇ ಪುಟವನ್ನೇ ಪ್ರತಿ ಅಡುಗೆಯ ಪುಟದಲ್ಲೂ ಇಡಿಯಾಗಿ ನಕಲು ಮಾಡಿಬಿಡುವುದು.

ಓಡಾಟ ಉಳಿಯಿತು ಎಂಬುದು ಇದರ ಸಣ್ಣ ಲಾಭ. ದೊಡ್ಡ ಲಾಭ ಬೇರೆ ಇದೆ. ಗೊಜ್ಜಿನ ಪುಟದಲ್ಲೇ ಪುಡಿಯ ವಿಧಾನ ಇದ್ದರೆ, 'ಈ ಗೊಜ್ಜಿಗೆ ಕಡಲೆಬೇಳೆ ಬೇಡ' ಎಂದು ಅಲ್ಲಿ ಎರಡು ಸಾಲು ಹೊಡೆದುಹಾಕಬಹುದು. 12ನೇ ಪುಟದಲ್ಲಿ ಹಾಗೆ ಹೊಡೆದರೆ ಉಳಿದ ಅಡುಗೆಗಳೆಲ್ಲ ಕೆಡುತ್ತವೆ. ಕಂಪೈಲರ್ ಮಾಡುವುದೂ ಇದನ್ನೇ. ಒಂದು ಫಂಕ್ಷನ್ನನ್ನು ಕರೆಯುವ ಜಾಗದಲ್ಲೇ ತಂದು ಹಾಸಿದ ಮೇಲೆ, ಅಲ್ಲಿ ಯಾವ ಬೆಲೆ ಬರುತ್ತದೆ, ಯಾವ ಪರೀಕ್ಷೆ ಅನಗತ್ಯ ಎಂಬುದು ಅದಕ್ಕೆ ಕಾಣುತ್ತದೆ, ಬೇಡದ್ದನ್ನು ಕತ್ತರಿಸುತ್ತದೆ. ಫ್ರಾನ್ಸಿಸ್ ಆಲನ್ ಮತ್ತು ಜಾನ್ ಕಾಕ್ 1971ರಲ್ಲಿ ಕಂಪೈಲರ್ ಮಾಡಬಹುದಾದ ಇಂಥ ತಿದ್ದುಪಡಿಗಳ ಒಂದು ಪಟ್ಟಿ ಬರೆದರು, ಅದರಲ್ಲಿ ಇನ್‌ಲೈನಿಂಗ್‌ಗೂ ಜಾಗವಿತ್ತು. ಆಲನ್ ಮುಂದೆ ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು.

ನಷ್ಟವೂ ಗೊತ್ತಾಗುವಂಥದ್ದೇ. ಪುಸ್ತಕ ದಪ್ಪವಾಗುತ್ತದೆ. ಪ್ರೊಸೆಸರ್‌ನೊಳಗೆ ಆದೇಶಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಜಾಗ, ಅಂದರೆ ಕ್ಯಾಶ್, ಒಲೆಯ ಪಕ್ಕದ ಕಟ್ಟೆಯಷ್ಟೇ ಚಿಕ್ಕದು. ಅಲ್ಲಿ ಹಿಡಿಸದಷ್ಟು ಹರಡಿಕೊಂಡರೆ ಪ್ರತಿ ಸಲ ಸ್ಟೋರ್ ರೂಮಿಗೆ ಓಡಬೇಕು. ಚುರುಕು ಮಾಡಲು ಹೋಗಿ ನಿಧಾನವಾಗುತ್ತದೆ.

ಹಾಗಾದರೆ ಯಾವುದನ್ನು ನಕಲು ಮಾಡಬೇಕು, ಯಾವುದನ್ನು ಬೇಡ ಎಂದು ತೀರ್ಮಾನಿಸುವವರು ಯಾರು?

ನಮ್ಮೂರ ಕಡೆ ಮನೆ ಕಟ್ಟಿಸಿದವರಿಗೆ ಈ ಪ್ರಶ್ನೆಯ ರುಚಿ ಗೊತ್ತು. 'ಇಲ್ಲೊಂದು ಕಿಟಕಿ ಬೇಕು' ಎಂದು ಯಜಮಾನರು ಹೇಳುತ್ತಾರೆ. ಮೇಸ್ತ್ರಿ 'ಆಗ್ಲಿ ಸ್ವಾಮಿ' ಅನ್ನುತ್ತಾನೆ. ಮುಂದಿನ ವಾರ ಹೋಗಿ ನೋಡಿದರೆ ಕಿಟಕಿ ಎರಡಡಿ ಆಚೆ ಇರುತ್ತದೆ. 'ಅಲ್ಲಿ ಬೀಮ್ ಬರ್ತದೆ ಸ್ವಾಮಿ, ಇಲ್ಲೇ ಸರಿ' ಎಂದು ಸಮಜಾಯಿಷಿ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳುವುದೇ ಸರಿ. ಕಷ್ಟವಾಗುವುದು ಆ ಹತ್ತನೆಯ ಸಲ, ಕಿಟಕಿ ಅಲ್ಲೇ ಯಾಕೆ ಬೇಕಿತ್ತು ಎಂಬ ಕಾರಣ ನಮಗೆ ಮಾತ್ರ ಗೊತ್ತಿದ್ದಾಗ.

ಕಂಪೈಲರ್‌ಗೆ ಬುದ್ಧಿ ಹೇಳುವ ಪ್ರಯತ್ನ ಮೊದಲ ದಿನದಿಂದಲೇ ಇತ್ತು. 1957ರಲ್ಲಿ ಜಾನ್ ಬ್ಯಾಕಸ್ ತಂಡ ಐಬಿಎಂ 704 ಯಂತ್ರಕ್ಕೆ ಕೊಟ್ಟ ಫೋರ್ಟ್ರಾನ್‌ನಲ್ಲಿ 'ಫ್ರೀಕ್ವೆನ್ಸಿ' ಎಂಬ ಒಂದು ಸಾಲು ಬರೆಯಲು ಅವಕಾಶವಿತ್ತು. ಪ್ರೋಗ್ರಾಮ್ ಕವಲೊಡೆಯುವ ಜಾಗದಲ್ಲಿ ಯಾವ ದಾರಿಗೆ ಎಷ್ಟು ಸಲ ಹೋಗಬಹುದು ಎಂದು ಪ್ರೋಗ್ರಾಮರ್ ಅಂದಾಜು ಹೇಳಬಹುದಿತ್ತು, ಕಂಪೈಲರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಮುಂದಿನ ಫೋರ್ಟ್ರಾನ್‌ಗಳಲ್ಲಿ ಆ ಸಾಲು ಉಳಿಯಲಿಲ್ಲ. ನನಗೆ ಆಶ್ಚರ್ಯವಿಲ್ಲ. ತಾವು ಬರೆದ ಪ್ರೋಗ್ರಾಮಿನಲ್ಲಿ ಯಾವ ಭಾಗ ಹೆಚ್ಚು ಓಡುತ್ತದೆ ಎಂದು ಅಳೆಯದೆ ಸರಿಯಾಗಿ ಹೇಳಬಲ್ಲವರು ಈಗಲೂ ಕಡಿಮೆ.

1973ರಲ್ಲಿ ಜರ್ಮನಿಯ ನೆರವಿನಿಂದ ಐಐಟಿ ಮದ್ರಾಸ್‌ಗೆ ಐಬಿಎಂ 370/155 ಕಂಪ್ಯೂಟರ್ ಬಂತು. ಕಾನ್ಪುರದಿಂದ ಬಂದ ಪ್ರೊ. ಎಚ್. ಎನ್. ಮಹಾಬಲ ಅವರು ಇಲ್ಲಿ ಕಂಪ್ಯೂಟರ್ ವಿಜ್ಞಾನದ ಪಾಠಕ್ಕೆ ತಳಪಾಯ ಹಾಕಿದ ಕಾಲ ಅದು. ಮುಂದೆ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರಿಗೆ ಗುರುಗಳು. ಆ ಪೀಳಿಗೆಯ ಯಂತ್ರಗಳಿಗೆ ಐಬಿಎಂ ಒದಗಿಸುತ್ತಿದ್ದ 'ಫೋರ್ಟ್ರಾನ್ ಎಚ್' ಕಂಪೈಲರ್‌ನಲ್ಲಿ ತಿದ್ದುಪಡಿಯ ಮಟ್ಟ 0, 1, 2 ಎಂದು ಆರಿಸಿಕೊಳ್ಳಬಹುದಿತ್ತು. ಇವತ್ತು ಓಎಂಆರ್‌ನ ಯಾವ ಆಫೀಸಿನಲ್ಲಿ ಬೇಕಾದರೂ ಜಿಸಿಸಿ ಕಂಪೈಲರ್‌ಗೆ 'ಓ2' ಎಂದು ಟೈಪ್ ಮಾಡುವ ಹುಡುಗಿ ಬಳಸುತ್ತಿರುವುದು ಅದೇ ಬಗೆಯ ಗುಬುಟು. ಇಡೀ ಮನೆಗೆ ಒಂದೇ ಮೇನ್ ಸ್ವಿಚ್ ಇದ್ದ ಹಾಗೆ. ಒಂದೊಂದು ಕೋಣೆಗೂ ಬೇರೆ ಸ್ವಿಚ್ ಬೇಕು ಎಂದಾಗಲೇ ತಂಟೆ ಶುರುವಾಗುವುದು.

ಸಿ ಭಾಷೆಯಲ್ಲಿ 'ರಿಜಿಸ್ಟರ್' ಎಂಬ ಪದವಿತ್ತು. ಈ ಬೆಲೆಯನ್ನು ಪ್ರೊಸೆಸರ್‌ನ ಕೈಯಲ್ಲೇ ಇಟ್ಟುಕೋ ಎಂದು ಕಂಪೈಲರ್‌ಗೆ ಸೂಚನೆ. ಕಂಪೈಲರ್‌ಗಳು ಜಾಣರಾದಂತೆ ಆ ಸೂಚನೆಯನ್ನು ಕೇಳುವುದು ಬಿಟ್ಟವು. 2017ರ ಸಿ++ ಮಾನದಂಡ ಅದರ ಅರ್ಥವನ್ನೇ ತೆಗೆದುಹಾಕಿತು. 'ಇನ್‌ಲೈನ್' ಪದದ ಕಥೆ ಇನ್ನೂ ವಿಚಿತ್ರ. ಸಿ++ನಲ್ಲಿ ಮೊದಲಿಂದ ಇತ್ತು, ಸಿಗೆ 1999ರ ಮಾನದಂಡದಲ್ಲಿ ಬಂತು. ಓದಿದರೆ ಅಪ್ಪಣೆಯ ಹಾಗೆ ಕಾಣುತ್ತದೆ. ಮಾನದಂಡ ಹೇಳುವುದು ಮಾತ್ರ ಇದು ಬರೀ ಸಲಹೆ, ಎಷ್ಟರ ಮಟ್ಟಿಗೆ ಪಾಲಿಸಬೇಕೆಂಬುದು ಕಂಪೈಲರ್‌ಗೆ ಬಿಟ್ಟದ್ದು ಎಂದು. ಇವತ್ತಿನ ಸಿ++ನಲ್ಲಿ ಆ ಪದದ ನಿಜವಾದ ಉಪಯೋಗ ಒಂದೇ ಫಂಕ್ಷನ್ ಹಲವು ಫೈಲುಗಳಲ್ಲಿ ಬಂದರೂ ಜಗಳ ಮಾಡಬೇಡ ಎಂದು ಹೇಳುವುದಕ್ಕೆ. ಹೆಸರೊಂದು, ಕೆಲಸ ಇನ್ನೊಂದು. ಅಪ್ಪಣೆಯ ವೇಷದ ಸಲಹೆಗಿಂತ ಕೆಟ್ಟದ್ದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳುತ್ತದೆಂದು ನಾವು ನಂಬಿ ಕೂರುತ್ತೇವೆ, ಅದು ಕೇಳಿರುವುದಿಲ್ಲ.

ಸಲಹೆ ಸಾಲದು, ಅಪ್ಪಣೆಯೇ ಬೇಕು ಎಂದವರಿಗೆ ಜಿಸಿಸಿ 'ಆಲ್ವೇಸ್ ಇನ್‌ಲೈನ್' ಮತ್ತು 'ನೋಇನ್‌ಲೈನ್' ಎಂಬ ಗುರುತುಗಳನ್ನು ಕೊಟ್ಟಿತು. ಮೊದಲನೆಯದನ್ನು ಹಾಕಿದ ಮೇಲೂ ಇನ್‌ಲೈನ್ ಮಾಡಲು ಆಗದಿದ್ದರೆ ಜಿಸಿಸಿ ಅದನ್ನು ದೋಷವೆಂದು ವರದಿ ಮಾಡುತ್ತದೆ, ಮುಚ್ಚಿಡುವುದಿಲ್ಲ. ಲಿನಕ್ಸ್ ಕರ್ನಲ್ ಬರೆಯುವವರು ಇದನ್ನು ಎಷ್ಟು ನೆಚ್ಚಿಕೊಂಡರೆಂದರೆ, ವರ್ಷಗಟ್ಟಲೆ ಕರ್ನಲ್‌ನಲ್ಲಿ 'ಇನ್‌ಲೈನ್' ಎಂದು ಬರೆದದ್ದೆಲ್ಲ ಒಂದು ಮ್ಯಾಕ್ರೋ ಮೂಲಕ 'ಆಲ್ವೇಸ್ ಇನ್‌ಲೈನ್' ಆಗಿಬಿಡುತ್ತಿತ್ತು. ಈಚೆಗೆ ಆ ಒತ್ತಾಯವನ್ನು ಸಡಿಲಿಸಿದ್ದಾರೆ. ನಿಜವಾಗಿ ಬೇಕಾದ ಕಡೆ ಮಾತ್ರ ಬಾಯಿಬಿಟ್ಟು ಹೇಳಬೇಕು.

ಜಾವಾದಲ್ಲಿ ಬರೆಯುವವರ ಪಾಡು ಬೇರೆ. ಅಲ್ಲಿ ಪ್ರೋಗ್ರಾಮ್ ಓಡುತ್ತಿರುವಾಗಲೇ ಕಂಪೈಲ್ ಆಗುತ್ತದೆ, ಯಾವುದು ಎಷ್ಟು ಸಲ ಓಡುತ್ತಿದೆ ಎಂದು ಲೆಕ್ಕ ಇಟ್ಟುಕೊಂಡು ಯಂತ್ರವೇ ತೀರ್ಮಾನಿಸುತ್ತದೆ. ಹಾಟ್‌ಸ್ಪಾಟ್ ಎಂಬ ಹೆಸರಿನ ಆ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 35 ಬೈಟ್‌ಗಿಂತ ದೊಡ್ಡ ಮೆಥಡ್ ಇನ್‌ಲೈನ್ ಆಗುವುದಿಲ್ಲ. ಪದೇ ಪದೇ ಓಡುವ ಮೆಥಡ್ ಆದರೆ ಮಿತಿ 325 ಬೈಟ್. ಸಾಮಾನ್ಯ ಪ್ರೋಗ್ರಾಮರ್‌ಗೆ ತನ್ನ ಕೋಡಿನೊಳಗೆ 'ಇದನ್ನು ಮಾಡಲೇಬೇಕು' ಎಂದು ಬರೆಯುವ ದಾರಿ ಇಲ್ಲ. ಅಂಥದೊಂದು ಗುರುತು ಒಳಗೆ ಇದೆ, ಆದರೆ ಅದು ಜಾವಾ ಕಟ್ಟುವವರ ಸ್ವಂತ ಬಳಕೆಗೆ ಮೀಸಲು. ಮೇಸ್ತ್ರಿ ತನ್ನ ಮನೆಗೆ ಮಾತ್ರ ತನಗೆ ಬೇಕಾದ ಕಡೆ ಕಿಟಕಿ ಇಟ್ಟುಕೊಂಡ ಹಾಗೆ!

ಇಲ್ಲಿಯ ತನಕ ಬರೀ ವೇಗದ ಮಾತಾಯಿತು. ವೇಗ ಒಂದೇ ಆಗಿದ್ದರೆ ಕಂಪೈಲರ್‌ಗೇ ಬಿಟ್ಟುಬಿಡಿ, ಅದೇ ಜಾಣ ಎಂದು ನಾನೂ ಹೇಳುತ್ತಿದ್ದೆ. ಆದರೆ ಕಂಪೈಲರ್‌ಗೆ ಗೊತ್ತಿಲ್ಲದ್ದು ಒಂದಿದೆ: ಈ ಸಾಲು ಇಲ್ಲಿ ಯಾಕಿದೆ ಎಂಬುದು.

ಪಾಸ್‌ವರ್ಡ್ ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಬ್ಯಾಂಕಿನ ಸರ್ವರ್‌ನಲ್ಲಿ ಪಾಸ್‌ವರ್ಡ್ ಪರೀಕ್ಷಿಸಿ ಆದಮೇಲೆ, ಮೆಮೊರಿಯಲ್ಲಿ ಅದರ ಪ್ರತಿ ಉಳಿಯಬಾರದು ಎಂದು ಪ್ರೋಗ್ರಾಮರ್ ಕೊನೆಯಲ್ಲಿ ಆ ಜಾಗಕ್ಕೆಲ್ಲ ಸೊನ್ನೆ ತುಂಬಿಸುತ್ತಾರೆ. ಕಂಪೈಲರ್ ನೋಡುತ್ತದೆ: ಸೊನ್ನೆ ತುಂಬಿದ ಮೇಲೆ ಈ ಜಾಗವನ್ನು ಯಾರೂ ಓದುತ್ತಿಲ್ಲ, ಹಾಗಾದರೆ ತುಂಬುವುದು ವ್ಯರ್ಥ ಕೆಲಸ. ಆ ಸಾಲನ್ನೇ ತೆಗೆದುಹಾಕುತ್ತದೆ. ಭಾಷೆಯ ನಿಯಮದ ಪ್ರಕಾರ ಅದು ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಪಾಸ್‌ವರ್ಡ್ ಅಲ್ಲೇ ಬಿದ್ದಿರುತ್ತದೆ, ಮೆಮೊರಿ ಇಣುಕಿ ನೋಡುವ ಕಳ್ಳನಿಗೆ ಸಿಗುತ್ತದೆ. ಇದನ್ನು ತಡೆಯಲು ಓಪನ್‌ಬಿಎಸ್‌ಡಿ 2014ರಲ್ಲಿ, ಲಿನಕ್ಸ್‌ನ ಜಿಲಿಬ್‌ಸಿ 2017ರಲ್ಲಿ, 'ಇದನ್ನು ಮಾತ್ರ ಅಳಿಸಬೇಡ' ಎಂಬ ಅರ್ಥದ ಬೇರೆಯೇ ಫಂಕ್ಷನ್ ಕೊಡಬೇಕಾಯಿತು. ಸಿ ಭಾಷೆಯ ಮಾನದಂಡಕ್ಕೆ ಅಂಥದ್ದು ಸೇರಿದ್ದು ಸಿ23ರಲ್ಲಿ. ಭಾಷೆ ಹುಟ್ಟಿ ಐವತ್ತು ವರ್ಷ ಆದಮೇಲೆ!

2009ರ ಲಿನಕ್ಸ್ ಪ್ರಸಂಗ ಇನ್ನೂ ಭಯ ಹುಟ್ಟಿಸುವಂಥದ್ದು. ಕರ್ನಲ್‌ನ 'ಟನ್' ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಖಾಲಿಯೋ ಅಲ್ಲವೋ ಎಂದು ಪರೀಕ್ಷಿಸುವ ಸಾಲಿತ್ತು. ಆದರೆ ಅದಕ್ಕಿಂತ ಮೊದಲಿನ ಸಾಲಿನಲ್ಲೇ ಆ ವಿಳಾಸದಿಂದ ಏನೋ ಓದಿಯೂ ಆಗಿತ್ತು. ಜಿಸಿಸಿ ತರ್ಕ ಮಾಡಿತು: ಖಾಲಿ ವಿಳಾಸದಿಂದ ಓದುವುದು ನಿಯಮಬಾಹಿರ, ಇವರು ಓದಿದ್ದಾರೆ, ಅಂದಮೇಲೆ ವಿಳಾಸ ಖಾಲಿ ಇರಲಾರದು, ಹಾಗಾದರೆ ಪರೀಕ್ಷೆ ಯಾಕೆ? ಪರೀಕ್ಷೆ ಮಾಯವಾಯಿತು. ಆ ಕಿಂಡಿಯಿಂದ ನುಸುಳಿ ಇಡೀ ಯಂತ್ರದ ಒಡೆತನ ಪಡೆಯಬಹುದೆಂದು ತೋರಿಸಿಕೊಟ್ಟರು. ತಪ್ಪು ಮೂಲ ಕೋಡಿನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪರೀಕ್ಷೆ ಉಳಿದಿದ್ದರೆ ಆ ತಪ್ಪು ಅಷ್ಟು ದೂರ ಹೋಗುತ್ತಿರಲಿಲ್ಲ. ಅಂದಿನಿಂದ ಕರ್ನಲ್ ಕಂಪೈಲ್ ಮಾಡುವಾಗ 'ಖಾಲಿ ವಿಳಾಸದ ಪರೀಕ್ಷೆಗಳನ್ನು ಅಳಿಸಬೇಡ' ಎಂದು ಜಿಸಿಸಿಗೆ ಸ್ಪಷ್ಟವಾಗಿ ಹೇಳುತ್ತಾರೆ.

ಕಂಪೈಲರ್ ಪರವಾಗಿಯೂ ಒಂದು ಮಾತು ಹೇಳಬೇಕು. ಇಂಥ ಪರೀಕ್ಷೆಗಳನ್ನು ಅಳಿಸುವ ಚಾಳಿ ಅದಕ್ಕೆ ಬಂದದ್ದು ಸುಮ್ಮನೆ ಅಲ್ಲ. ಹತ್ತು ಪುಟ್ಟ ಫಂಕ್ಷನ್ನುಗಳನ್ನು ಒಂದೇ ಕಡೆ ಇನ್‌ಲೈನ್ ಮಾಡಿದಾಗ ಪ್ರತಿಯೊಂದೂ ಅದೇ ಪರೀಕ್ಷೆಯನ್ನು ಹೊತ್ತು ತರುತ್ತದೆ. ಒಂಬತ್ತನ್ನು ತೆಗೆಯುವುದು ನ್ಯಾಯವೇ. ಹತ್ತನೆಯದನ್ನೂ ತೆಗೆದದ್ದು ಎಡವಟ್ಟು.

ಪ್ರಾಮಾಣಿಕತೆಯ ಪ್ರಶ್ನೆಯೂ ಇದರಲ್ಲಿ ಸೇರಿಕೊಂಡಿದೆ. ಚಿಕ್ಕ ಪ್ರೊಸೆಸರ್‌ಗಳ ವೇಗ ಹೇಳಲು ಇವತ್ತಿಗೂ ಬಳಸುವ ಡ್ರೈಸ್ಟೋನ್ ಎಂಬ ಅಳತೆಗೋಲನ್ನು 1984ರಲ್ಲಿ ರೈನ್‌ಹೋಲ್ಡ್ ವೈಕರ್ ರಚಿಸಿದರು. ಪ್ರೋಗ್ರಾಮನ್ನು ಬೇರೆ ಬೇರೆ ಫೈಲುಗಳಾಗಿಯೇ ಕಂಪೈಲ್ ಮಾಡಬೇಕು, ಫಂಕ್ಷನ್ನುಗಳನ್ನು ಒಂದರೊಳಗೊಂದು ಸೇರಿಸಬಾರದು ಎಂಬುದು ಅದರ ಆಟದ ನಿಯಮ. ಇನ್‌ಲೈನ್ ಮಾಡಿಬಿಟ್ಟರೆ ಕಂಪೈಲರ್ ಅರ್ಧ ಪ್ರೋಗ್ರಾಮನ್ನೇ ಕತ್ತರಿಸಿ ಎಸೆದೀತು, ಸಿಗುವ ಅಂಕ ಪ್ರೊಸೆಸರ್‌ನದಾಗಿರುವುದಿಲ್ಲ. ಪ್ರೊಸೆಸರ್ ಮಾರುವವರು ಡ್ರೈಸ್ಟೋನ್ ಅಂಕ ತೋರಿಸಿದಾಗ ಕಂಪೈಲರ್‌ಗೆ ಏನೇನು ಹೇಳಿದ್ದರು ಎಂದು ಕೇಳಿ ನೋಡಿ. ಒಳ್ಳೆಯವರು ಆ ಸಾಲನ್ನೂ ಪಕ್ಕದಲ್ಲೇ ಬರೆದಿರುತ್ತಾರೆ.

ಇಲ್ಲಿಂದ ಬೆಂಗಳೂರಿಗೆ ಒಂದು ಸುತ್ತು ಹೋಗಿ ಬರೋಣ. ಫೋಟೋಗಳನ್ನು ಸಂಸ್ಕರಿಸುವ ಪ್ರೋಗ್ರಾಮುಗಳಿಗಾಗಿ ಎಂಐಟಿಯಲ್ಲಿ ಹುಟ್ಟಿದ ಹಾಲೈಡ್ ಎಂಬ ಭಾಷೆಯಲ್ಲಿ, ಏನು ಲೆಕ್ಕ ಮಾಡಬೇಕು ಎಂಬುದನ್ನು ಒಂದು ಕಡೆ, ಹೇಗೆ ಮಾಡಬೇಕು ಎಂಬುದನ್ನು ಇನ್ನೊಂದು ಕಡೆ ಬರೆಯುತ್ತಾರೆ. ಏನೂ ಹೇಳದಿದ್ದರೆ ಎಲ್ಲವೂ ಇನ್‌ಲೈನ್. ಬೇಡವಾದರೆ, ಈ ಹಂತದ ಫಲಿತಾಂಶವನ್ನು ಮೊದಲು ಪೂರ್ತಿ ಲೆಕ್ಕ ಹಾಕಿ ಇಟ್ಟುಕೋ ಎಂದು ಪ್ರೋಗ್ರಾಮರ್ ಬರೆಯಬಹುದು. ಮೇಸ್ತ್ರಿ ಇಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದ್ದನ್ನು ಮಾಡುತ್ತಾನೆ. 2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂಡುಗುಲ ಅವರ ತಂಡ ಪಾಲಿಮೇಜ್ ಎಂಬ ವ್ಯವಸ್ಥೆಯೊಂದಿಗೆ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. 'ಹೇಗೆ' ಎಂಬುದನ್ನು ಮನುಷ್ಯರು ಬರೆಯುವುದೇ ಬೇಡ, ಯಾವುದನ್ನು ಯಾವುದರೊಳಗೆ ಸೇರಿಸಬೇಕೆಂದು ಕಂಪೈಲರ್ ತಾನೇ ಹುಡುಕಿಕೊಳ್ಳಲಿ ಎಂಬುದು ಅವರ ನಿಲುವು. ಎರಡೂ ಒಳ್ಳೆಯ ಕೆಲಸಗಳೇ. ಯಾರು ಗೆದ್ದರು ಎಂದು ಕೇಳಿದರೆ, ನುರಿತ ಕೈಗಳಿಗೆ ಮೊದಲನೆಯದು, ಉಳಿದವರಿಗೆ ಎರಡನೆಯದು ಅನ್ನುತ್ತೇನೆ.

ಈಗ ಶಕ್ತಿಯ ಪಟ್ಟಿಗೆ ಬರೋಣ. ಶಕ್ತಿಯನ್ನು ಬರೆದಿರುವುದು ಬ್ಲೂಸ್ಪೆಕ್ ಎಂಬ ಭಾಷೆಯಲ್ಲಿ. ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ತೀರಿಕೊಂಡ ಅರವಿಂದ್ ಅವರ ಚಿಂತನೆಯಿಂದ ಬೆಳೆದ ಭಾಷೆ ಇದು. ಇದರ ಕಂಪೈಲರ್ ಹೊರಹಾಕುವುದು ಯಂತ್ರದ ಆದೇಶಗಳನ್ನಲ್ಲ, ಸರ್ಕ್ಯೂಟಿನ ವಿವರಣೆಯನ್ನು. ಆ ವಿವರಣೆಯ ಭಾಷೆ ವೆರಿಲಾಗ್. ಬ್ಲೂಸ್ಪೆಕ್ ಕಂಪೈಲರ್‌ಗೆ ಏನೂ ಹೇಳದಿದ್ದರೆ ಒಳಗಿನ ಭಾಗಗಳನ್ನೆಲ್ಲ ಹೊರಗಿನ ಭಾಗದೊಳಗೆ ಕರಗಿಸುತ್ತಾ ಹೋಗುತ್ತದೆ. ಕೊನೆಗೆ ಸಿಗುವುದು ಸಾವಿರಾರು ಸಾಲಿನ, ಯಂತ್ರವೇ ಇಟ್ಟ ಹೆಸರುಗಳ, ಎಲ್ಲಿ ಶುರು ಎಲ್ಲಿ ಮುಗಿತಾಯ ಎಂದು ತಿಳಿಯದ ಒಂದು ಮುದ್ದೆ.

ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ. ತೊಂದರೆ ಮುಂದೆ ಕೆಲಸ ಮಾಡಬೇಕಾದ ಮನುಷ್ಯರಿಗೆ. ಚಿಪ್ ಎಷ್ಟು ಮೆಗಾಹರ್ಟ್ಸ್‌ನಲ್ಲಿ ಓಡಬಲ್ಲದು ಎಂಬುದನ್ನು ತೀರ್ಮಾನಿಸುವುದು ಅದರೊಳಗಿನ ಅತಿ ಉದ್ದದ ದಾರಿ. ಸಂಕೇತ ಒಂದು ತುದಿಯಿಂದ ಇನ್ನೊಂದಕ್ಕೆ ತಲುಪಲು ತಡವಾಗುವ ಜಾಗ ಯಾವುದು ಎಂದು ಟೂಲ್ ವರದಿ ಕೊಡುತ್ತದೆ. ಕೂಡುವ ಕಳೆಯುವ ಭಾಗಕ್ಕೆ ಬೇರೆ ಹೆಸರು, ಬೇರೆ ಫೈಲ್ ಇದ್ದರೆ ವರದಿಯಲ್ಲಿ ಆ ಹೆಸರು ಕಾಣುತ್ತದೆ, ಇಂಜಿನಿಯರ್ ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಎಲ್ಲ ಕರಗಿ ಮುದ್ದೆಯಾಗಿದ್ದರೆ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಹಾಗೆಂದು ಎಲ್ಲವನ್ನೂ ಬೇರೆ ಬೇರೆ ಇಟ್ಟರೂ ಕಷ್ಟ. ಗೋಡೆಯ ಆಚೆ ಈಚೆ ಇರುವುದನ್ನು ಒಟ್ಟಿಗೆ ನೋಡಿ ಮಾಡಬಹುದಾದ ತಿದ್ದುಪಡಿಗಳು ಬ್ಲೂಸ್ಪೆಕ್ ಕಂಪೈಲರ್‌ಗೆ ಆಗುವುದಿಲ್ಲ. ಅದಕ್ಕೇ ಒಂದೊಂದು ಭಾಗಕ್ಕೂ ಹೌದು, ಇಲ್ಲ. ಪರೀಕ್ಷೆ ನಡೆಸುವ ದಿನಗಳಲ್ಲಿ ಒಂದು ಬಗೆ, ಚಿಪ್ ತಯಾರಿಕೆಗೆ ಕಳುಹಿಸುವಾಗ ಇನ್ನೊಂದು ಬಗೆ ಇಟ್ಟುಕೊಳ್ಳಬಹುದು. ಇದರಲ್ಲಿ ನನಗೆ ಹಿಡಿಸಿದ್ದು, ಆ ತೀರ್ಮಾನ ಕೋಡಿನ ಮೂಲೆಮೂಲೆಗಳಲ್ಲಿ ಅಡಗಿ ಕೂರದೆ ಒಂದೇ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತಿರುವುದು.

ಶಕ್ತಿಯ ಇನ್ನೊಂದು ಬಗೆ 'ಇ-ಕ್ಲಾಸ್', ಚಿಕ್ಕ ಸಾಧನಗಳಿಗೆ. ಇಂಥ ಕಡೆ ಮೆಮೊರಿ ಅಳೆದು ತೂಗಿ ಕೊಟ್ಟಷ್ಟು, ಹಾಗಾಗಿ ಇನ್‌ಲೈನಿಂಗ್‌ನ ವಿರುದ್ಧ ದಿಕ್ಕಿಗೆ ಹೋಗಬೇಕಾಗುತ್ತದೆ. ಶಕ್ತಿ ಅನುಸರಿಸುವ ರಿಸ್ಕ್-ಫೈವ್ ಪ್ರೊಸೆಸರ್‌ಗಳಿಗಾಗಿ ಜಿಸಿಸಿಯಲ್ಲಿ ಒಂದು ಆಯ್ಕೆ ಇದೆ. ಪ್ರತಿ ಫಂಕ್ಷನ್ನಿನ ಮೊದಲಲ್ಲೂ ಕೊನೆಯಲ್ಲೂ ಬೆಲೆಗಳನ್ನು ಎತ್ತಿಟ್ಟು ಮತ್ತೆ ತರುವ ಸಾಲುಗಳು ಬರುತ್ತವಲ್ಲ, ಅವನ್ನು ಎಲ್ಲ ಕಡೆ ನಕಲು ಮಾಡದೆ ಒಂದೇ ಜಾಗದಲ್ಲಿ ಇಟ್ಟು ಅಲ್ಲಿಗೇ ಓಡಿಹೋಗಿ ಬರುವಂತೆ ಮಾಡುತ್ತದೆ. ಸ್ವಲ್ಪ ನಿಧಾನ, ಆದರೆ ಜಾಗ ಉಳಿಯುತ್ತದೆ. 12ನೇ ಪುಟ ನೋಡಿ ಎಂಬ ಹಳೆಯ ಪದ್ಧತಿಯೇ.

ಪ್ರೋಗ್ರಾಮಿಂಗ್ ಮಾಡುವ ಓದುಗರಿಗೆ ಒಂದು ಮಾತು. ಅಪ್ಪಣೆಯ ಗುರುತುಗಳನ್ನು ಕಂಡಕಂಡಲ್ಲಿ ಅಂಟಿಸುವ ಮೊದಲು ಕಂಪೈಲರ್ ಏನು ಮಾಡಿತು ಎಂದು ಅದನ್ನೇ ಕೇಳುವುದು ಲೇಸು. ಜಿಸಿಸಿಯಲ್ಲೂ ಕ್ಲಾಂಗ್‌ನಲ್ಲೂ ಇನ್‌ಲೈನಿಂಗ್ ಕುರಿತು ವರದಿ ಕೊಡುವ ಆಯ್ಕೆಗಳಿವೆ. ಕ್ಲಾಂಗ್ ತಾನು ಮಾಡದೆ ಬಿಟ್ಟದ್ದನ್ನೂ ಕಾರಣ ಸಮೇತ ಹೇಳುತ್ತದೆ. ಜಾವಾದ ಹಾಟ್‌ಸ್ಪಾಟ್‌ನಲ್ಲಿ 'ಪ್ರಿಂಟ್‌ಇನ್‌ಲೈನಿಂಗ್' ಎಂದು ಒಂದಿದೆ. ಅದನ್ನು ಹಾಕಿ ಓಡಿಸಿದರೆ ಪರದೆ ತುಂಬ ಮೆಥಡ್‌ಗಳ ಹೆಸರು, ಪಕ್ಕದಲ್ಲೇ ಚುಟುಕಾದ ಷರಾ. ಕೆಲವದರ ಮುಂದೆ 'ತುಂಬಾ ದೊಡ್ಡದು', ಕೆಲವದರ ಮುಂದೆ 'ಬಿಸಿಯಾದ ಮೆಥಡ್, ಆದರೂ ದೊಡ್ಡದು'. ಬೀಮ್ ಎಲ್ಲಿ ಬರುತ್ತದೆ ಎಂದು ಈ ಮೇಸ್ತ್ರಿ ಕೇಳಿದರೆ ಹೇಳುತ್ತಾನೆ. ನಂತರವೂ ಕಿಟಕಿ ಅಲ್ಲೇ ಬೇಕಾದರೆ ಗುರುತು ಹಾಕಿ, ಯಾಕೆ ಎಂದು ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಬರೆದಿಡಿ. ಅದನ್ನು ಕಂಪೈಲರ್ ಓದುವುದಿಲ್ಲ, ಮುಂದಿನ ವರ್ಷ ನಿಮ್ಮ ಸೀಟಿಗೆ ಬರುವವರು ಓದುತ್ತಾರೆ.

ಬ್ಲೂಸ್ಪೆಕ್ ಕಂಪೈಲರ್ 2020ರಲ್ಲಿ ಮುಕ್ತವಾಯಿತು. ಶಕ್ತಿಯ ಕೋಡ್‌ಗಾಗಿ ಐಐಟಿಯ ಗೇಟಿನಲ್ಲಿ ಪಾಸ್ ಕೇಳಬೇಕಿಲ್ಲ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಕುಳಿತು ಇಳಿಸಿಕೊಂಡು, ಆ ಪಟ್ಟಿಯಲ್ಲಿ ಒಂದು ಸಾಲನ್ನು ಇಲ್ಲದಿಂದ ಹೌದಿಗೆ ಬದಲಿಸಿ ಮತ್ತೊಮ್ಮೆ ಕಂಪೈಲ್ ಮಾಡಿದರೆ, ಮುದ್ದೆಯೊಳಗಿಂದ ಒಂದು ಭಾಗ ಹೊರಬಂದು ತನ್ನದೇ ಹೆಸರಿನ ಫೈಲಾಗಿ ಕೂತಿರುವುದನ್ನು ಲ್ಯಾಪ್‌ಟಾಪಿನಲ್ಲೇ ನೋಡಬಹುದು.